ಒಂದು ಕಣ್ಣಿಗೆ ಬೆಣ್ಣೆ

ಅರವತ್ತೇಳನೆಯ ವಯಸ್ಸಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ, ಗುರುತಿಲ್ಲದ ಹುಡುಗಿಯೊಬ್ಬಳ ಪಕ್ಕ ನಿಂತು ಕಣ್ಣು ಹೊಡೆದ ಅಪವಾದ ನನ್ನ ತಲೆಗೆ ಬಂತು. ಕಣ್ಣು ಹೊಡೆದದ್ದು ನಿಜ. ಆದರೆ ಹುಡುಗಿಗಲ್ಲ, ಗೋಡೆಗೆ. ಅದೂ ಒಂದು ಕಣ್ಣಲ್ಲ, ಎರಡೂ, ಒಂದಾದ ಮೇಲೊಂದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಹದಿನೈದು ದಿನದ ಹಿಂದೆ ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎಡಗಣ್ಣಿನ ಸರದಿ ಮುಂದಿನ ತಿಂಗಳು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ನೋಡುತ್ತೇನೆ, ತಂತಿಯ ಮೇಲೆ ಒಣಹಾಕಿದ್ದ ನನ್ನ ಪಂಚೆ ನೀಲಿ ಹೊಡೆಯುತ್ತಿದೆ. “ಉಜಾಲ ಜಾಸ್ತಿ ಆಯ್ತಲ್ಲೇ” ಎಂದೆ. “ಈ ಮನೇಲಿ ಉಜಾಲ ತಂದು ಒಂದು ವರ್ಷ ಆಯ್ತು” ಎಂದಳು ನನ್ನಾಕೆ. ಎಡಗಣ್ಣಿನಲ್ಲಿ ನೋಡಿದರೆ ಅದೇ ಪಂಚೆ, ತಿಳಿ ಟೀಯಲ್ಲಿ ಅದ್ದಿ ತೆಗೆದ ಹಾಗೆ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗಿ, ನೀಲಿ ಬೆಳಕನ್ನು ತಾನೇ ನುಂಗಿಬಿಡುತ್ತದಂತೆ. ದಿನಕ್ಕಿಷ್ಟಿಷ್ಟೇ ನುಂಗುವುದರಿಂದ ಯಜಮಾನನಿಗೆ ಗೊತ್ತೇ ಆಗುವುದಿಲ್ಲ. (ಕಚೇರಿಯಲ್ಲಿದ್ದಾಗ ಇಂಥ ಒಂದಿಬ್ಬರನ್ನು ಬಲ್ಲೆ.) ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದನ್ನು ಇಷ್ಟು ದಿನ ಪಕ್ಷಪಾತದ ಗಾದೆ ಎಂದುಕೊಂಡಿದ್ದೆ. ಪೊರೆ ತೆಗೆಸಿಕೊಂಡ ಯಾರೋ ಪುಣ್ಯಾತ್ಮ ಕಂಡದ್ದನ್ನು ಕಂಡಂತೆ ಹೇಳಿರಬೇಕು.

ಇಂಥ ಹೊತ್ತಿನಲ್ಲಿ ನಮ್ಮ ಬೀದಿಯ ಹುಡುಗನ ಚಿತ್ರಪ್ರದರ್ಶನ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ. ಚಿಕ್ಕವನಿದ್ದಾಗ ನಮ್ಮ ಕಾಂಪೌಂಡಿನ ಮೇಲೆ ಇದ್ದಿಲಿನಿಂದ ಆನೆ ಬರೆದು ನನ್ನಿಂದ ಬೈಸಿಕೊಂಡವನು. ಆನೆಗೆ ಆನೆಯ ಹೋಲಿಕೆಯಾದರೂ ಇತ್ತು. ಈಗಿನವೆಲ್ಲ ಅಮೂರ್ತ. ಆಳೆತ್ತರದ ಕ್ಯಾನ್ವಾಸಿನ ತುಂಬ ಬಣ್ಣ, ಬಣ್ಣದೊಳಗಿನಿಂದ ಎಲ್ಲೋ ಒಸರುವ ಬೆಳಕು, ಕೆಳಗೆ ಚೀಟಿ: ‘ಶೀರ್ಷಿಕೆಯಿಲ್ಲ – 4’. ಹೆಸರಿಡದ ಮಗುವಿನ ತೊಟ್ಟಿಲ ಮುಂದೆ ನಿಂತಂತಾಯಿತು, ಏನೆಂದು ಕರೆಯಲಿ? ಇದು ಇವನ ಸೋಮಾರಿತನವೇನಲ್ಲ. ನಮ್ಮ ದೇಶದ ದೊಡ್ಡ ಚಿತ್ರಕಾರ ಗಾಯತೊಂಡೆಯವರೂ ಬಹಳಷ್ಟು ಚಿತ್ರಗಳಿಗೆ ಹೆಸರಿಡಲಿಲ್ಲ. ರೋಲರಿನಿಂದ, ಚಪ್ಪಟೆ ಚಾಕುವಿನಿಂದ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ, ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮಾಡುತ್ತಿದ್ದ ಮನುಷ್ಯ. 2001ರಲ್ಲಿ ತೀರಿಕೊಂಡರು, 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಚಿತ್ರಗಳ ಪ್ರದರ್ಶನ ಇಟ್ಟಿತು.

ಅರ್ಥವಾಗದ್ದಕ್ಕೆ ನಾನು ನಾಚಿಕೊಳ್ಳಲಿಲ್ಲ, ಯಾಕೆಂದರೆ ನನಗೆ ಜೊತೆಗಾರನೊಬ್ಬನಿದ್ದಾನೆ. ಕಾಂಡಿನ್ಸ್ಕಿ ಎಂಬ ರಷ್ಯದವನು, ಕಾನೂನು ಓದಿಕೊಂಡವನು, ಮಾಸ್ಕೋದ ಪ್ರದರ್ಶನವೊಂದರಲ್ಲಿ ಫ್ರಾನ್ಸಿನ ಚಿತ್ರಕಾರ ಮೊನೆಯ ಚಿತ್ರದ ಮುಂದೆ ನಿಂತು ಏನೆಂದು ತಿಳಿಯದೆ ಪೇಚಾಡಿದ್ದ. ಕೊನೆಗೆ ಕೈಪಿಡಿ ನೋಡಿದರೆ, ಹುಲ್ಲಿನ ಬಣವೆ! ನಮ್ಮೂರಿನ ಯಾವ ಎಮ್ಮೆಯೂ ಈ ವಿಷಯದಲ್ಲಿ ತಪ್ಪುತ್ತಿರಲಿಲ್ಲ. ಆದರೆ ಬಣವೆ ಗುರುತಾಗದೆಯೂ ಚಿತ್ರ ತನ್ನನ್ನು ಬಿಡಲಿಲ್ಲವಲ್ಲ ಎಂಬುದೇ ಅವನನ್ನು ಕೊರೆಯಿತು. ಆಮೇಲೆ ಕಾನೂನಿನ ದಾರಿ ಬಿಟ್ಟು ಕುಂಚ ಹಿಡಿದ, ಅಮೂರ್ತಕ್ಕೆ ಹಿರಿಯನಾದ.

ಆ ಮೊನೆಯ ಕಥೆ ನನಗೆ ಇನ್ನೂ ಹತ್ತಿರದ್ದು. ಅವನಿಗೂ ಪೊರೆ. 1912ರಲ್ಲೇ ಡಾಕ್ಟರು ಹೇಳಿದರೂ ಮುಂದೂಡುತ್ತ ಬಂದ (ಇದೂ ನನ್ನ ಹಾಗೆಯೇ). ಕೊಳದ ಮೇಲಿನ ಅವನ ಜಪಾನಿ ಸೇತುವೆ ಬರಬರುತ್ತ ಕೆಂಪು-ಕಂದಾಗಿ, ಬೆಂಕಿಬಿದ್ದ ಪೊದೆಯಂತಾಯಿತು. 1923ರಲ್ಲಿ ಬಲಗಣ್ಣಿಗೆ ಶಸ್ತ್ರಕ್ರಿಯೆಯಾದ ಮೇಲೆ ಎಲ್ಲ ನೀಲಿ ಕಾಣುತ್ತದೆಂದು ರೇಗಾಡಿದ. ಬಣ್ಣದ ಕನ್ನಡಕ ಹಾಕಿ ನೋಡಿದ. ಎಡಗಣ್ಣನ್ನು ಮಾತ್ರ ಕೊನೆಯವರೆಗೂ ಮುಟ್ಟಗೊಡಲಿಲ್ಲ.

ಹೀಗೆ ಮೊನೆಯನ್ನು ನೆನೆಯುತ್ತ ‘ಶೀರ್ಷಿಕೆಯಿಲ್ಲ – 4’ರ ಮುಂದೆ ನಿಂತು ಎಡಗಣ್ಣು ಮುಚ್ಚಿದೆ. ಮೇಲಿನ ಬಿಳುಪು ಮಾಘದ ಬೆಳಗಿನ ಮಂಜಿನಂತೆ ತಣ್ಣಗೆ ಹಬ್ಬಿತ್ತು. ಬಲಗಣ್ಣು ಮುಚ್ಚಿದೆ. ಅದೇ ಬಿಳುಪು ಅಜ್ಜಿಯ ದೇವರಮನೆಯ ದೀಪದ ಸುತ್ತಲಿನ ಗೋಡೆಯಾಯಿತು. ಅರೆ! ಮತ್ತೆ ಎಡ, ಮತ್ತೆ ಬಲ. ಒಂದೇ ಟಿಕೆಟಿನಲ್ಲಿ ಎರಡು ಸಿನಿಮಾ. ಪಕ್ಕದಲ್ಲಿದ್ದ ಹುಡುಗಿ ಎರಡು ಹೆಜ್ಜೆ ಸರಿದಳು. ನಾನು ಐದನೆಯ ಚಿತ್ರಕ್ಕೆ ಹೋಗಿ ಅಲ್ಲೂ ಹಾಗೇ ಮಾಡಿದೆ. ಅವಳು ನೆಟ್ಟಗೆ ಹೋಗಿ ಕಲಾವಿದನನ್ನು ಕರೆತಂದಳು.

“ಅಂಕಲ್, ಕಣ್ಣಿಗೆ ಏನಾದ್ರೂ ಬಿತ್ತಾ?” ಎಂದ ಹುಡುಗ, ಮರ್ಯಾದೆ ಉಳಿಸುವ ದನಿಯಲ್ಲಿ.

ವಿಷಯ ತಿಳಿದದ್ದೇ ಅವನ ಮುಖ ಅರಳಿತು. ಹುಡುಗಿ ನಕ್ಕು ಸಾರಿ ಕೇಳಿದಳು. ಅವನು ನನ್ನ ತೋಳು ಹಿಡಿದು ಹದಿನಾರು ಚಿತ್ರಗಳ ಮುಂದೆಯೂ ನಿಲ್ಲಿಸಿ, “ಎಡಗಣ್ಣಲ್ಲಿ ಹೇಗೆ? ಈಗ ಬಲ?” ಎಂದು ಕೇಳಿ ಬರೆದುಕೊಂಡ. ಜೀವಮಾನದಲ್ಲಿ ನನ್ನ ಕಲಾವಿಮರ್ಶೆಯನ್ನು ಯಾರೂ ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಜೊತೆಗೆ ಬಂದಿದ್ದ ನನ್ನಾಕೆ ಮಾತ್ರ ಯಾರನ್ನೂ ಏನೂ ಕೇಳದೆ ಚಿತ್ರದಿಂದ ಚಿತ್ರಕ್ಕೆ ಹಾಯಾಗಿ ನಡೆಯುತ್ತಿದ್ದಳು. “ನಿನಗೆ ಅರ್ಥ ಆಯ್ತೇನೇ?” ಎಂದೆ. “ಸೀರೆ ಒಡಲು ನೋಡೋವಾಗ ಅರ್ಥ ಕೇಳ್ತೀನಾ?” ಎಂದಳು. ಅದೂ ಹೌದು. ಈರುಳ್ಳಿ ಸಿಪ್ಪೆ, ಗಿಳಿಹಸಿರು, ಎಂ.ಎಸ್. ಬ್ಲೂ ಎಂದು ಬಣ್ಣಗಳನ್ನು ನೆಂಟರಂತೆ ಹೆಸರು ಹಿಡಿದು ಕರೆಯುವ ಜನ ಈ ಸೀರೆ ಉಡುವವರು. ಅಂಗಡಿಯ ಟ್ಯೂಬ್‌ಲೈಟನ್ನು ನಂಬದೆ, ಸೀರೆಯನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಇದ್ದರೆ ಆಚೆ ಈಚೆ ತಿರುಗಿಸಿ ಎರಡನ್ನೂ ಹಿಡಿಯುತ್ತಾರೆ. ಮೂರು ವರ್ಷದ ಹಿಂದೆ ದೀಪಾವಳಿಗೆ ಇವಳು ತಂದ ರೇಷ್ಮೆ ಸೀರೆಯನ್ನು ನಾನು ‘ಪಾಚಿ ಬಣ್ಣ’ ಎಂದೆ. ಅವಳು ‘ನವಿಲುಕತ್ತು’ ಎಂದಳು. ಸಾಕ್ಷಿಗೆ ಪಕ್ಕದ ಮನೆಯವರನ್ನು ಕರೆಸಿದರೂ ನಾನು ಸೋಲೊಪ್ಪಲಿಲ್ಲ. ಅವಳು ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಹೊರಡುವಾಗ ಹುಡುಗ ಬಾಗಿಲವರೆಗೆ ಬಂದು, “ಎಡಗಣ್ಣಿನ ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕೋಕಾಗತ್ತಾ ಅಂಕಲ್? ಇನ್ನೂ ನಾಲ್ಕು ಕ್ಯಾನ್ವಾಸ್ ಬಾಕಿ ಇದೆ” ಎಂದ.

ಆಟೋದಲ್ಲಿ ನನ್ನಾಕೆ ಮಾತಾಡಲಿಲ್ಲ. ಮನೆಗೆ ಬಂದವಳೇ ಬೀರು ತೆಗೆದು, ತಳದಲ್ಲಿದ್ದ ಆ ಸೀರೆಯನ್ನು ಎಳೆದು, ನುಸಿಗುಳಿಗೆ ಉದುರಿದ್ದನ್ನೂ ಲೆಕ್ಕಿಸದೆ ಕಿಟಕಿಯ ಬಿಸಿಲಿಗೆ ಹರವಿ ಹಿಡಿದಳು.

“ಎಡಗಣ್ಣು ಮುಚ್ಚಿ” ಎಂದಳು.