ಅಭಿನಂದನೆಗಳು, ತಾವು ಆಯ್ಕೆಯಾಗಿದ್ದೀರಿ!

(ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿ ಮೇಜಿನ ಮೇಲೆ, ಮೇಂಟೆನೆನ್ಸ್ ಬಿಲ್ಲಿಗೂ ಯೋಗ ತರಗತಿಯ ಕರಪತ್ರಕ್ಕೂ ನಡುವೆ ಠೀವಿಯಿಂದ ಮಲಗಿದ್ದ ಕ್ರೆಡಿಟ್ ಕಾರ್ಡ್ ಲಕೋಟೆ ನಮ್ಮ ಪತ್ರಿಕೆಗೆ ನೀಡಿದ ವಿಶೇಷ ಸಂದರ್ಶನ. ಲಕೋಟೆಗಳು ಬಾಯಿ ಬಿಡುವುದು ಅಪರೂಪ. ಒಡೆದವರ ಮುಂದೆ ಮಾತ್ರ.)

ಪತ್ರಿಕೆ: ಈ ಮನೆಯವರು ಕಾರ್ಡಿಗೆ ಅರ್ಜಿಯನ್ನೇ ಹಾಕಿಲ್ಲವಂತೆ. ತಾವು ಬಂದದ್ದು ಹೇಗೆ?

ಲಕೋಟೆ: ಏನ್ ಸ್ವಾಮಿ, ಒಡಹುಟ್ಟಿದ ಅಣ್ಣ ಐದು ಸಾವಿರ ಕೈಸಾಲ ಕೊಡೋಕೆ ಐದು ದಿನ ಸತಾಯಿಸ್ತಾನೆ. ನಾನು ಮೂರು ಲಕ್ಷ ಹಿಡ್ಕೊಂಡು ಬಾಗಿಲಿಗೇ ಬಂದಿದ್ದೀನಿ. ‘ಯಾಕೆ ಬಂದೆ’ ಅಂತೀರಲ್ಲ!

ಪತ್ರಿಕೆ: ಕೇಳದವರಿಗೆ ಕಾರ್ಡು ಕಳಿಸಲು ಕಾನೂನಿನಲ್ಲಿ ಅವಕಾಶವಿದೆಯೇ?

ಲಕೋಟೆ: ಇಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನ ನಮ್ಮ ವಂಶಕ್ಕೇ ಮುಳುವಾಯಿತು. ಒಪ್ಪಿಗೆಯಿಲ್ಲದೆ ಕಾರ್ಡು ಕೊಟ್ಟು ಶುಲ್ಕ ಹಾಕಿದರೆ ಬ್ಯಾಂಕು ಅದನ್ನು ವಾಪಸು ಮಾಡಬೇಕು, ಮೇಲೆ ಅದರ ಎರಡರಷ್ಟು ದಂಡವನ್ನು ಗ್ರಾಹಕರಿಗೇ ಕಟ್ಟಬೇಕು. 30 ದಿನ ಕಾರ್ಡು ಚಾಲೂ ಆಗದಿದ್ದರೆ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ನೀವು ಕೊಡದಿದ್ದರೆ 7 ಕೆಲಸದ ದಿನಗಳಲ್ಲಿ ಖಾತೆ ಮುಚ್ಚಬೇಕು, ಅದೂ ಪುಕ್ಕಟೆ. ಅಜ್ಜಿಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುತ್ತಿತ್ತಲ್ಲ, ನನ್ನದು ನಿಮ್ಮ ಒಟಿಪಿಯೊಳಗಿದೆ.

ಪತ್ರಿಕೆ: ತಮ್ಮ ಕುಲಗೋತ್ರ?

ಲಕೋಟೆ: ನಾವು ಮೂವರು ಅಣ್ಣತಮ್ಮಂದಿರು. ಹಿರಿಯವನು ಬ್ಯಾಂಕಿನದೇ ಕೂಸು, ಮಾರ್ಚ್ ತಿಂಗಳ ಟಾರ್ಗೆಟ್ ತುಂಬಿಸಲು ಹುಟ್ಟಿದವನು. ಪೀಡೆ, ಆದರೆ ಕಳ್ಳನಲ್ಲ. ನಡುವಿನವನ ವಿಷಯದಲ್ಲಿ ಬ್ಯಾಂಕೂ ನಿಜ, ಕಾರ್ಡೂ ನಿಜ, ಹೆಸರೂ ನಿಮ್ಮದೇ. ಅರ್ಜಿ ಹಾಕಿದವರು ಮಾತ್ರ ನೀವಲ್ಲ. ಕಿರಿಯವನು ಅಡಿಯಿಂದ ಮುಡಿಯವರೆಗೆ ಸುಳ್ಳು. ಲೋಗೋ ಕೂಡ ಕದ್ದದ್ದು.

ಪತ್ರಿಕೆ: ಕಿರಿಯವರ ಸಾಧನೆಗಳ ಬಗ್ಗೆ ಎರಡು ಮಾತು?

ಲಕೋಟೆ: ಬರೀ ಕಾಗದ ಕಳಿಸುವ ಕಾಲ ಮುಗೀತು. ನಮ್ಮ ವೈಟ್‌ಫೀಲ್ಡ್‌ನಲ್ಲೇ ಹಿರಿಯರೊಬ್ಬರಿಗೆ ‘ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ’ ಅಂತ ಹೇಳಿ, ಹೊಸ ಮೊಬೈಲನ್ನೇ ಉಡುಗೊರೆಯಾಗಿ ಕೊರಿಯರ್ ಮಾಡಿದರು. ಅವರು ಸಿಮ್ ಹಾಕಿದರು. ಮೊಬೈಲಿನಲ್ಲಿ ಮೊದಲೇ ಕುಳಿತಿದ್ದ ತಂತ್ರಾಂಶ ಒಟಿಪಿಗಳನ್ನೆಲ್ಲ ಅತ್ತ ಸಾಗಿಸಿತು. ಹೋದದ್ದು 2.8 ಕೋಟಿ. 2025ರ ಜನವರಿಯಲ್ಲಿ ಪತ್ರಿಕೆಗಳಲ್ಲೆಲ್ಲ ಬಂತಲ್ಲ, ನೀವೂ ಹಾಕಿರಬೇಕು.

ಪತ್ರಿಕೆ: ಹಾಕಿದ್ದೆವು, ಒಳಪುಟದಲ್ಲಿ. ಇರಲಿ, ನಡುವಿನವರಿಗೆ ಬೇರೆಯವರ ದಾಖಲೆ ಸಿಗುವುದಾದರೂ ಎಲ್ಲಿ?

ಲಕೋಟೆ: ನೀವೇ ಕೊಡ್ತೀರಿ! ಸಿಮ್ ಕೊಳ್ಳಲು ಒಂದು ಜೆರಾಕ್ಸ್, ಲಾಡ್ಜಿಗೆ ಒಂದು, ಬಾಡಿಗೆ ಕರಾರಿಗೆ ಒಂದು. ಮಾಲ್‌ನಲ್ಲಿ ಟ್ರಾಲಿ ಬ್ಯಾಗ್ ಫ್ರೀ ಅಂದರೆ ಪ್ಯಾನು, ಆಧಾರು, ಸಹಿ ಎಲ್ಲ ಒಟ್ಟಿಗೇ. ‘ಯಾಕೆ ಬೇಕು’ ಅಂತ ಕೇಳೋಕೆ ಮಾತ್ರ ದಾಕ್ಷಿಣ್ಯ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಪತ್ರಿಕೆ: ಸರ್ಕಾರ ಎಚ್ಚರಿಸಬಾರದೇ?

ಲಕೋಟೆ: ಎಚ್ಚರಿಸಿತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ‘ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ’ ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ, ಜನ ತಪ್ಪು ತಿಳಿದಾರು ಅಂತ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಎರಡು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

ಪತ್ರಿಕೆ: ಬಡಪಾಯಿಗಳು ಮಾತ್ರ ಬಲೆಗೆ ಬೀಳುತ್ತಾರೆ ಎನ್ನುತ್ತಾರಲ್ಲ?

ಲಕೋಟೆ: ಧೋನಿ ಬಡಪಾಯಿಯೇ? 2023ರಲ್ಲಿ ದೆಹಲಿ ಪೊಲೀಸರು ಒಂದು ತಂಡ ಹಿಡಿದರು. ಆ ತಂಡದ ಉಪಾಯ ಕೇಳಿ. ಜಿಎಸ್‌ಟಿ ನಂಬರು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುತ್ತೆ. ಮೊದಲೆರಡು ಅಂಕಿ ರಾಜ್ಯದ್ದು, ಮುಂದಿನ ಹತ್ತು ಅಕ್ಷರ ಸಾಕ್ಷಾತ್ ಪ್ಯಾನ್. ಹುಟ್ಟಿದ ದಿನಾಂಕ ಗೂಗಲ್ ಹೇಳುತ್ತೆ. ಧೋನಿ, ಅಭಿಷೇಕ್ ಬಚ್ಚನ್ ಮೊದಲಾದವರ ಹೆಸರಿನ ಪ್ಯಾನ್ ಕಾರ್ಡಿಗೆ ತಮ್ಮದೇ ಫೋಟೊ ಅಂಟಿಸಿ ಕ್ರೆಡಿಟ್ ಕಾರ್ಡು ಪಡೆದು, ಲಕ್ಷಗಟ್ಟಲೆ ಖರೀದಿ ಮಾಡಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಪತ್ರಿಕೆ: ಕಿರಿಯವರನ್ನು ಗುರುತು ಹಿಡಿಯುವುದು ಹೇಗೆ? ಮನೆಯ ಗುಟ್ಟು ಬಿಡಬಹುದಾದರೆ...

ಲಕೋಟೆ: ಅವನಿಗೆ ಅವಸರ ಜಾಸ್ತಿ. ‘24 ಗಂಟೆಯೊಳಗೆ ಕರೆ ಮಾಡಿ, ಇಲ್ಲದಿದ್ದರೆ ಖಾತೆ ಬ್ಲಾಕ್.’ ತಾನೇ ಒಂದು ನಂಬರು ಕೊಡ್ತಾನೆ, ತಾನೇ ಒಂದು ಕ್ಯೂಆರ್ ಕೋಡ್ ಅಚ್ಚು ಹಾಕ್ತಾನೆ. ಅವನು ಕೊಟ್ಟ ನಂಬರಿಗೇ ಫೋನ್ ಮಾಡಿ ‘ನೀವು ಸಾಚಾನಾ’ ಅಂದರೆ ‘ಹೌದು’ ಅನ್ನದೆ ಇನ್ನೇನಂತಾನೆ? ವಿಚಾರಿಸೋದಾದರೆ ಬ್ಯಾಂಕಿನ ಶಾಖೆಗೆ ಹೋಗಿ, ಇಲ್ಲವೇ ನೀವೇ ಬ್ಯಾಂಕಿನ ತಾಣ ತೆರೆದು ಅಲ್ಲಿನ ನಂಬರು ಹಿಡಿಯಿರಿ. ಈಗ ನಮ್ಮ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಕಟ್ಟಪ್ಪಣೆ ಮಾಡಿದೆ. ವಿಳಾಸದ ಕೊನೆಯಲ್ಲಿ ಅದಿಲ್ಲದ ಕೊಂಡಿಯ ಮೇಲೆ ಬೆರಳಿಡಬೇಡಿ. ‘ಕಾರ್ಡ್ ಕ್ಯಾನ್ಸಲ್ ಮಾಡ್ತೀವಿ, ಒಟಿಪಿ ಹೇಳಿ ಮೇಡಂ’ ಅಂತ ಕರೆ ಬಂದರಂತೂ ಅದು ತಮ್ಮನದೇ ದನಿ.

ಪತ್ರಿಕೆ: ನಿಮ್ಮಲ್ಲಿ ಅತ್ಯಂತ ಅಪಾಯಕಾರಿ ಯಾರು?

ಲಕೋಟೆ: ಬಾರದೇ ಹೋದವನು! ತಿಂಗಳು ತಿಂಗಳೂ ಬರುತ್ತಿದ್ದ ಬಿಲ್ಲು ಹಠಾತ್ತನೆ ನಿಂತರೆ ‘ಸದ್ಯ, ಕಾಟ ತಪ್ಪಿತು’ ಅಂತ ಖುಷಿ ಪಡ್ತೀರಿ. ಯಾರೋ ನಿಮ್ಮ ವಿಳಾಸ ಬದಲಿಸಿ ಬಿಲ್ಲನ್ನು ತಮ್ಮ ಮನೆಗೆ ತಿರುಗಿಸಿಕೊಂಡಿರಬಹುದು.

ಪತ್ರಿಕೆ: ಎಸೆಯುವುದಾದರೆ?

ಲಕೋಟೆ: ಹಾಗೇ ರದ್ದಿಗೆ ಹಾಕಿದರೆ ನಾನು ಕಡಲೆಕಾಯಿ ಪೊಟ್ಟಣವಾಗಿ ನಿಮ್ಮ ಹೆಸರು, ವಿಳಾಸ, ಸಾಲದ ಮಿತಿಯನ್ನು ಬೀದಿಗೆಲ್ಲ ಓದಿ ಹೇಳ್ತೀನಿ. ಚೂರು ಚೂರು ಮಾಡಿದರೆ ನನಗೆ ಮೋಕ್ಷ. ಇನ್ನು ದಾಖಲೆ ಕೊಡಲೇಬೇಕಾದಾಗ, ಮಾಸ್ಕ್ ಮಾಡಿದ ಆಧಾರ್ ಅಂತ ಒಂದಿದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಜೆರಾಕ್ಸಿನ ಮೇಲೆ ಅಡ್ಡಡ್ಡ ‘ಇಂಥ ಕೆಲಸಕ್ಕೆ ಮಾತ್ರ’ ಅಂತ ತಾರೀಕು ಸಮೇತ ಬರೆಯೋ ಪದ್ಧತಿಯೂ ಇದೆ. ದಯವಿಟ್ಟು ಎರಡನ್ನೂ ಅಚ್ಚು ಹಾಕಬೇಡಿ.

ಪತ್ರಿಕೆ: ಹಾಕುತ್ತೇವೆ. ಸಿಕ್ಕಿಬಿದ್ದರೆ ನಿಮ್ಮವರಿಗೇನು ಶಿಕ್ಷೆ?

ಲಕೋಟೆ: ಐಟಿ ಕಾಯ್ದೆಯ 66ಸಿ ಕಲಂ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ಬಲೆಗೆ ಬಿದ್ದವರು ದೂರು ಕೊಟ್ಟರೆ ತಾನೆ? ‘ನಾಲ್ಕು ಜನರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತೆ’ ಅಂತ ಸುಮ್ಮನಾಗ್ತಾರೆ. ನಮ್ಮ ದಂಧೆ ನಿಂತಿರೋದೇ ನಿಮ್ಮ ಮರ್ಯಾದೆಯ ಮೇಲೆ.

(ಇಷ್ಟು ಹೇಳಿ ಲಕೋಟೆ ಮತ್ತೆ ಬಾಯಿ ಮುಚ್ಚಿಕೊಂಡಿತು. ಅದು ಹೇಳದೆ ಬಿಟ್ಟದ್ದು ಓದುಗರಿಗಾಗಿ:

ಕೇಳದ ಕಾರ್ಡು ಬಂದರೆ ತಕ್ಷಣ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಖಾತೆ ಮುಚ್ಚಿಸಿ. ದೇಶದ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಲೇಬೇಕು. ತರಿಸಿಕೊಂಡು, ನೀವು ಮಾಡದ ಸಾಲ ಅದರಲ್ಲಿದೆಯೇ ನೋಡಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಒಟಿಪಿ ನೀವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರದ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ನಾಚಿಕೊಂಡು ಕಳೆದ ಪ್ರತಿ ನಿಮಿಷದ ಖರ್ಚು ಮಾತ್ರ ನಿಮ್ಮದು.)