ದೋಷವಿದೆ, ದಕ್ಷಿಣೆ ಇಡಿ

(ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್. ಎಸಿ ಹಾಲಿನಲ್ಲಿ ಮೂರನೇ ಕಾಫಿ ಮುಗಿದರೂ ಯಾರೂ ಕರೆಯಲಿಲ್ಲ. ಎದ್ದು ಹೋಗಿ ನನ್ನ ಕಾರಿನಲ್ಲೇ ಕೂತು ಕೀಲಿ ತಿರುಗಿಸಿದೆ. ಅದೇ ಹಳದಿ ದೀಪ. ಮಾತಿಗೆ ಬೇರೆ ಯಾರೂ ಇರಲಿಲ್ಲ.)

ನಾನು: ಏನಯ್ಯಾ ನಿನ್ನ ಗೋಳು? ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ.

ಚೆಕ್ ಎಂಜಿನ್ ದೀಪ: ದೋಷ ಇದೆ, ಸ್ವಾಮಿ.

ನಾನು: ಯಾವ ದೋಷ?

ದೀಪ: ಅದು ನನ್ನ ಬಾಯಲ್ಲಿ ಬರೋದಲ್ಲ. ಜಾತಕ ನೋಡುವವರೂ ಮೊದಲು ಅಷ್ಟೇ ಅಲ್ಲವೇ ಹೇಳೋದು? ಯಾವ ದೋಷ ಅಂತ ತಿಳಿಯೋಕೆ ಒಂದು ದಕ್ಷಿಣೆ, ಶಾಂತಿಗೆ ಇನ್ನೊಂದು.

ನಾನು: ಯಾವೂರಿನವನು ನೀನು?

ದೀಪ: ಕ್ಯಾಲಿಫೋರ್ನಿಯಾದ ಹೊಗೆಯ ಕಾಟಕ್ಕೆ ಹುಟ್ಟಿದವನು. ನನ್ನ ಈಗಿನ ಅವತಾರ ಅಮೆರಿಕದ ಹೊಸ ಕಾರುಗಳಿಗೆ 1996ರಿಂದ ಕಡ್ಡಾಯ. ನಿಜ ಹೇಳಲೇ? ನನ್ನನ್ನು ಕೂರಿಸಿದ್ದು ನಿಮಗಾಗಿ ಅಲ್ಲ, ಗಾಳಿಗಾಗಿ. ಹೊಗೆ ಕೆಡುವ ಹಾಗಿದ್ದರೆ ಹಲ್ಲಿಯಂತೆ ಲೊಚಗುಟ್ಟೋದಷ್ಟೇ ನನ್ನ ಕಸುಬು.

ನಾನು: ಹಿಂದಿನ ಸಲ ಲೊಚಗುಟ್ಟಿದ್ದಕ್ಕೆ ಹನ್ನೆರಡು ಸಾವಿರ ಹೋಯಿತು, ಆಕ್ಸಿಜನ್ ಸೆನ್ಸರ್ ಅಂತ. ಅದಕ್ಕೂ ಮೊದಲು...

ದೀಪ: ಇಲಿ.

ನಾನು: ಇಲಿ! ಕಡಿದದ್ದು ಒಂದು ಗೇಣು ವೈರು. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಆಗಿದ್ದರೆ ಎರಡು ತುದಿ ಹೆಣೆದು ಟೇಪು ಸುತ್ತಿ, ಟೀಗೆ ಕಾಸು ಕೇಳುತ್ತಿದ್ದ. ಇಲ್ಲಿ, 'ಬಿಡಿಯಾಗಿ ಬರಲ್ಲ ಸಾರ್, ಪೂರ್ತಿ ಸೆಟ್ಟೇ ಹಾಕಬೇಕು.'

ದೀಪ: ಗಣಪತಿಯ ವಾಹನ ನಿಮ್ಮ ವಾಹನಕ್ಕೆ ಬಾಯಿ ಹಾಕಿದರೆ ನಾನೇನು ಮಾಡಲಿ?

ನಾನು: ನಮ್ಮಪ್ಪನ ಅಂಬಾಸಡರ್ ಇದಕ್ಕಿಂತ ಹೆಚ್ಚು ಕೆಡುತ್ತಿತ್ತು, ಗೊತ್ತಾ? ತುಮಕೂರು ದಾಟುವಷ್ಟರಲ್ಲಿ ಒಮ್ಮೆಯಾದರೂ ಬಾನೆಟ್ ಎತ್ತಬೇಕು. ಅಪ್ಪ ಪಾಯಿಂಟಿಗೆ ಉಪ್ಪುಕಾಗದ ತಿಕ್ಕುವರು, ಕಾರ್ಬ್ಯುರೇಟರ್ ಜೆಟ್ ಬಿಚ್ಚಿ ಬಾಯಲ್ಲಿ ಊದುವರು, ಹೊರಡುವರು. 2014ರಲ್ಲಿ ಉತ್ತರಪಾರಾದ ಅಂಬಾಸಡರ್ ಕಾರ್ಖಾನೆ ನಿಂತಾಗ ಮನೆಯಲ್ಲಿ ಸೂತಕದ ಕಳೆ. ಕೆಟ್ಟ ಕಾರಿನ ಮೇಲೆ ಅಷ್ಟು ಪ್ರೀತಿ!

ದೀಪ: ಕೆಟ್ಟದ್ದು ಏನು ಅಂತ ಅವರಿಗೆ ಕಾಣುತ್ತಿತ್ತಲ್ಲ. ನಿಮ್ಮ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಕಿಂಡಿ ಇದೆ. ಬಗ್ಗಿ ನೋಡಿದ್ದೀರಾ? ಅಲ್ಲಿಗೆ ಸ್ಕ್ಯಾನರ್ ಚುಚ್ಚಿದರೆ ನನ್ನ ಮನಸ್ಸಿನಲ್ಲಿರೋದು ಕೋಡಾಗಿ ಹೊರಬೀಳುತ್ತೆ. 'ಪಿ0' ಅಂತ ಶುರುವಾದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 'ಪಿ1' ಬಂತೋ, ಅದು ಆಯಾ ಕಂಪನಿಯ ಮನೆಮಾತು.

ನಾನು: ಹಾಗಾದರೆ ಜೆ.ಸಿ. ರಸ್ತೆಗೇ ಒಯ್ಯುತ್ತೇನೆ. ಅಲ್ಲಿ ಸಿಗದ ಸ್ಪೇರ್ ಇಲ್ಲ.

ದೀಪ: ಒಯ್ಯಿರಿ. ವಾರಂಟಿ ಹೋಗುತ್ತೆ ಅಂತ ಕಂಪನಿಯವರು ಹೆದರಿಸುತ್ತಾರೆ. ಬಿಡಿಭಾಗ, ರಿಪೇರಿ ಉಪಕರಣ ಹೊರಗಿನವರಿಗೆ ಸಿಗದ ಹಾಗೆ ನೋಡಿಕೊಂಡರು ಅಂತ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು.

ನಾನು: ಆಮೇಲೆ?

ದೀಪ: ಆಮೇಲೇನು, ಕಂಪನಿಗಳು ಮೇಲ್ಮನವಿಗೆ ಹೋದವು. ನೀವು ಕಾಫಿಗೆ ಬಂದಿರಿ.

ನಾನು: ಅಂಬಾಸಡರ್ ಹೋದಮೇಲೆ ಕಂಪನಿ ಬದಲಿಸದ ಮನೆತನ ನಮ್ಮದು. ಈ ಸಲ ಬದಲಿಸುತ್ತೇನೆ, ನೋಡು.

ದೀಪ: ಧಾರಾಳವಾಗಿ. ಅಲ್ಲಿ ನನ್ನ ತಮ್ಮ ಇದ್ದಾನೆ. ಅದೇ ಚಿತ್ರ, ಅದೇ ಹಳದಿ.

(ಅಷ್ಟರಲ್ಲಿ ಅಡ್ವೈಸರ್ ಹುಡುಗ ಬಿಲ್ ಹಿಡಿದು ಓಡಿ ಬಂದ. 'ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಹೇಳಿಬಿಡಿ ಸಾರ್. ಒಂಬತ್ತು ಅಂದರೂ ನಂಗೆ ಬೈತಾರೆ.')

ದೀಪ (ಮೆಲ್ಲಗೆ): ಕೊಟ್ಟುಬಿಡಿ ಸ್ವಾಮಿ. ಉರಿಸೋರು ಬೇರೆ, ಉರಿಯೋರು ನಾವು.

ಹತ್ತು ಕೊಟ್ಟೆ. ಭಾನುವಾರ ಕಾರು ತೊಳೆದು, ನಾಲ್ಕೂ ಕಡೆಯಿಂದ ಫೋಟೊ ತೆಗೆದು ಮಾರಾಟಕ್ಕೆ ಹಾಕಿದೆ. ಡ್ಯಾಶ್‌ಬೋರ್ಡಿನ ಫೋಟೊ ಒಂದನ್ನು ಬಿಟ್ಟು.