ಬಿಳಿ ಎಂಜಿನ್ನಿಗೆ, ಪಾಂಡವಪುರ ಸ್ಟೇಷನ್ನಿನಿಂದ

ಕೆಂಪು ಪಟ್ಟಿಯ ಬಿಳಿ ಎಂಜಿನ್ನೇ,

ಇಪ್ಪತ್ತು ವರ್ಷದಿಂದ ಪಾಂಡವಪುರದಲ್ಲಿ ಬೆಳಗಿನ ರೈಲು ಹತ್ತುತ್ತಿದ್ದೇನೆ. ಜೇಬಿನಲ್ಲಿ ಸೀಸನ್ ಟಿಕೆಟ್ಟು, ಚೀಲದಲ್ಲಿ ಬುತ್ತಿ. ಮಕ್ಕಳ ಓದು, ಮನೆಯ ಸಾಲ, ಅಪ್ಪನ ಔಷಧಿ ಎಲ್ಲವೂ ಆ ರೈಲು ಹೊತ್ತಿಗೆ ಸರಿಯಾಗಿ ಬಂದದ್ದರಿಂದ ನಡೆದಿದೆ. ಈಗ ಅದನ್ನು ಎಳೆಯುವವನು ನೀನು. ಹಾಗಾಗಿ ನಿನ್ನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ನೋವಾಗುತ್ತದೆ. ನಿನಗೆ ಹೇಳಿ ಮುಗಿಯುವ ಸಂಗತಿಯೂ ಇದಲ್ಲ. ಅದಕ್ಕೇ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ಹೋದ ಆಷಾಢದ ಗಾಳಿಯಲ್ಲಿ ನಮ್ಮ ಗಾಡಿ ಶ್ರೀರಂಗಪಟ್ಟಣ ತಲುಪುವ ಮೊದಲೇ ನಿಂತುಬಿಟ್ಟಿತು. ಮರದ ಕೊಂಬೆಯೊಂದು ಮೇಲಿನ ತಂತಿಗೆ ಬಿದ್ದಿತ್ತು. ಫ್ಯಾನು ನಿಂತವು, ದೀಪ ಮಂಕಾದವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೋಗಿಯಲ್ಲಿ ಮಾತು ಶುರುವಾಯಿತು: ‘ಈ ಕರೆಂಟ್ ಎಂಜಿನ್ನನ್ನು ನಂಬಂಗಿಲ್ಲ ಕಣಣ್ಣ, ಡೀಸೆಲ್ಲೇ ಚೆನ್ನಾಗಿತ್ತು.’ ಕೊನೆಗೆ ಡೀಸೆಲ್ ಎಂಜಿನ್ನೊಂದು ಬಂದು, ನಿನ್ನನ್ನೂ ಸೇರಿಸಿ ನಮ್ಮೆಲ್ಲರನ್ನೂ ಎಳೆದುಕೊಂಡು ಹೋಯಿತು. ಸಾವಿರಾರು ಅಶ್ವಶಕ್ತಿಯ ನೀನು ತಂತಿ ಮುಟ್ಟುವ ಪ್ಯಾಂಟೋಗ್ರಾಫ್ ಮಡಚಿಕೊಂಡು ಸುಮ್ಮನೆ ಹಿಂದೆ ಉರುಳುತ್ತಿದ್ದೆ. ಅವತ್ತು ನಿನ್ನಲ್ಲಿ ಒಂದು ಬೋಲ್ಟೂ ಕೆಟ್ಟಿರಲಿಲ್ಲ.

ಡೀಸೆಲ್ ಎಂಜಿನ್ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತಿತ್ತು, ಟ್ಯಾಂಕಿನಲ್ಲಿ ಎಣ್ಣೆ ಇದ್ದರೆ ಯಾರ ಹಂಗೂ ಇಲ್ಲದೆ ಓಡುತ್ತಿತ್ತು. ನಿನ್ನ ಅನ್ನ ತಲೆಯ ಮೇಲಿನ 25,000 ವೋಲ್ಟಿನ ತಂತಿಯಲ್ಲಿದೆ. ಅದು ಒಂದು ಕಡೆ ತುಂಡಾದರೆ ನೀನೊಬ್ಬನೇ ಅಲ್ಲ, ನಿನ್ನ ಹಿಂದೆ ಬರುವವರೆಲ್ಲ ನಿಲ್ಲಬೇಕು. ನೀನು ಶಕ್ತಿವಂತನಾದಷ್ಟೂ ನಿನ್ನ ಸುತ್ತಲಿನ ತಂತಿ, ಕಂಬ, ಹಳಿ, ಸೇತುವೆ, ಸಿಗ್ನಲ್ಲಿನ ಮೇಲೆ ನಿನ್ನ ಭಾರ ಹೆಚ್ಚಿತು. ನಾವು ಮಾತ್ರ ನಿನ್ನನ್ನೊಬ್ಬನನ್ನೇ ನೋಡಿ ಭೇಷ್ ಅನ್ನುತ್ತೇವೆ, ಇಲ್ಲವೇ ಬೈಯುತ್ತೇವೆ.

ನೀನು ಬಂದಿರುವ ದಾರಿ ಎಷ್ಟು ಹಳೆಯದು ಅಂತ ನಿನಗೆ ಗೊತ್ತಿರಲಿ. ರಂಗಾಚಾರ್ಲು ದಿವಾನರಾಗಿದ್ದ ಕಾಲದಲ್ಲಿ, ದೊಡ್ಡ ಬರದ ಬೆನ್ನಿಗೆ, ಬೆಂಗಳೂರಿನ ಹಳಿ 1882ರಲ್ಲಿ ಮೈಸೂರು ಮುಟ್ಟಿತು. ಆಗ ಅದು ಮೀಟರ್‌ಗೇಜು. ನಮ್ಮ ಸ್ಟೇಷನ್ನಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರು. ಆಮೇಲೆ ಬ್ರಾಡ್‌ಗೇಜ್ ಆಯಿತು, ಜೋಡಿ ಹಳಿ ಬಂತು. ಆದರೆ ಶ್ರೀರಂಗಪಟ್ಟಣದ ಕೋಟೆಯೊಳಗೆ ನುಗ್ಗಿ ಕಾವೇರಿಯ ಎರಡು ಕವಲು ದಾಟುವ ಆ ದಾರಿ ಹೆಚ್ಚುಕಡಿಮೆ ಅದೇ. ಇದೇ ಕಾವೇರಿ ನೀರಿನಿಂದ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಇದೇ ಜಿಲ್ಲೆಯಲ್ಲಿ ಓಡುತ್ತಿದ್ದ ರೈಲಿಗೆ ಮೈಸೂರಿನವರೆಗೆ ತಂತಿ ಎಳೆದು ಮುಗಿಸಿದ್ದು 2017ರಲ್ಲಿ.

ನಿನ್ನ ಗುಣ ನನಗೆ ಗೊತ್ತು. ನಿನ್ನ ವಿದ್ಯೆ 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದದ್ದು, ಕಟ್ಟಿದ ಕೈ ನಮ್ಮದೇ ಚಿತ್ತರಂಜನ್ ಕಾರ್ಖಾನೆಯದು. ಗಂಟೆಗೆ 140 ಕಿ.ಮೀ. ಓಡಬಲ್ಲೆ. ವೇಗ ಇಳಿಸುವಾಗ ನಿನ್ನ ಮೋಟಾರುಗಳೇ ಡೈನಮೊ ಆಗಿ ಕರೆಂಟನ್ನು ತಂತಿಗೆ ವಾಪಸು ಕೊಡುತ್ತವೆ. ಪಕ್ಕದ ಮನೆಯಿಂದ ಸೇರು ರಾಗಿ ಕಡ ತಂದವರು ಸುಗ್ಗಿಯಲ್ಲಿ ಅಳೆದು ಕೊಟ್ಟ ಹಾಗೆ. ಆದರೆ ನಿನ್ನ ತೂಕ 123 ಟನ್. ಆರು ಅಚ್ಚುಗಳ ಮೇಲೆ ಹಂಚಿದರೆ ಒಂದೊಂದಕ್ಕೆ ಇಪ್ಪತ್ತು ಟನ್ನಿಗೂ ಮೇಲೆ. ಮೋಟಾರಿನ ಭಾರದ ಒಂದು ಪಾಲು ಸ್ಪ್ರಿಂಗಿನ ಮೇಲೆ ಕೂರದೆ ನೇರ ಅಚ್ಚಿನ ಮೇಲೇ ಇದೆ. ಹಳಿಯ ಬೆಸುಗೆ ಸ್ವಲ್ಪ ತಗ್ಗಿದ್ದರೂ ಆ ಪೆಟ್ಟು ಹಳಿಗೆ ಬೀಳುತ್ತದೆ, ಹಳಿಯಿಂದ ನಿನ್ನ ಮೋಟಾರಿಗೂ ಬರುತ್ತದೆ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ತಾಲ್ಲೂಕುಗಳ ಕಥೆಯನ್ನೂ ಕೇಳು. ಕೆ.ಆರ್.ಪೇಟೆಯ ಜನ ರೈಲು ಹತ್ತಬೇಕಾದರೆ ಅಕ್ಕಿಹೆಬ್ಬಾಳಿಗೋ ಮಂದಗೆರೆಗೋ ಹೋಗಬೇಕು. ಅದು ಮೈಸೂರು–ಅರಸೀಕೆರೆ ಮಾರ್ಗ, ನೂರು ವರ್ಷ ದಾಟಿದ ದಾರಿ. ನಾಗಮಂಗಲದವರಿಗೆ ಬಿ.ಜಿ.ನಗರ ಇದೆ. 2017ರಲ್ಲಿ ಬೆಂಗಳೂರು–ಹಾಸನ ಹೊಸ ಮಾರ್ಗ ತೆರೆದಾಗ ಬಂದದ್ದು. ಎರಡೂ ಕಡೆ ತಂತಿ ಬಂದಿದೆ, ಎರಡೂ ಒಂಟಿ ಹಳಿ. ಎದುರು ಗಾಡಿ ಬಂದು ಸೇರುವವರೆಗೆ ನೀನು ಕ್ರಾಸಿಂಗಿಗೆ ಕಾಯಲೇಬೇಕು. ಅಲ್ಲಿ ನೀನು ಕೆಟ್ಟು ನಿಂತರೆ ಪಕ್ಕದಿಂದ ಹಾದುಹೋಗಲು ಇನ್ನೊಂದು ಹಳಿ ಇಲ್ಲ. ಅಂಥ ಮಾರ್ಗಗಳಿಗೆ ಎಂಜಿನ್ ಕೊಟ್ಟರೆ ಸಾಲದು. ಸಹಾಯಕ್ಕೆ ಬರುವ ಎಂಜಿನ್, ತಂತಿ ಸರಿಮಾಡುವ ಟವರ್ ವ್ಯಾಗನ್, ಅದರ ಜನ ಹತ್ತಿರದಲ್ಲೇ ಇರಬೇಕು.

ಹಳಿ, ಸಿಗ್ನಲ್ ಕೈಕೊಟ್ಟರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಸಾಲದು. 2024ರ ಅಕ್ಟೋಬರ್ 11ರ ರಾತ್ರಿಯನ್ನು ನಾನು ಮರೆಯಲಾರೆ. ಮೈಸೂರಿನಿಂದ ಹೊರಟು ನಮ್ಮ ಈ ಹಳಿಯ ಮೇಲೇ ಹಾದುಹೋದ ಬಾಗ್ಮತಿ ಎಕ್ಸ್‌ಪ್ರೆಸ್, ಚೆನ್ನೈ ಆಚೆಯ ಕವರೈಪೆಟ್ಟೈಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಮುಖ್ಯ ಹಳಿಗೆ ಹಸಿರು ಸಿಗ್ನಲ್ ಇತ್ತು, ಗಾಡಿ ಹೊರಳಿದ್ದು ಪಕ್ಕದ ಲೂಪ್ ಲೈನಿಗೆ. ಹಸಿರು ಕಂಡ ಮೇಲೆ ಎಂಜಿನ್ ಇನ್ನೇನು ಮಾಡಬೇಕಿತ್ತು? ಪುಣ್ಯಕ್ಕೆ ಜೀವ ಹೋಗಲಿಲ್ಲ. ಅದರ ಹಿಂದಿನ ವರ್ಷ ಒಡಿಶಾದ ಬಹನಗಾದ ಅಪಘಾತದಲ್ಲಿ ಆ ಪುಣ್ಯವೂ ಇರಲಿಲ್ಲ. ಅಲ್ಲಿ ತಪ್ಪಿದ್ದು ಸಿಗ್ನಲ್ಲಿನ ವೈರಿಂಗು.

ಹಳೆಯದನ್ನು ಜೋಪಾನ ಮಾಡುವುದು ನಮಗೆ ಬಾರದ ವಿದ್ಯೆಯಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂದಾಗ, ಇಟ್ಟಿಗೆ-ಗಾರೆಯ ಆ ಇಡೀ ಕಟ್ಟಡವನ್ನು 2017ರಲ್ಲಿ ಜಾಕಿ ಕೊಟ್ಟು ಎತ್ತಿ, ಬಿರುಕು ಬಿಡದ ಹಾಗೆ ಆಚೆ ಸರಿಸಿದರು. ನಾನು ಆಗ ದಿನವೂ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಗೋಡೆಗೆ ತೋರಿಸಿದ ಆ ತಾಳ್ಮೆಯನ್ನು ದಿನವೂ ಸವೆಯುವ ತಂತಿಗೂ ಹಳಿಗೂ ತೋರಿಸಬೇಕು.

ಅದಕ್ಕೆ ದುಡ್ಡು ಬೇಕು, ಜನ ಬೇಕು. ಅದಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. ಗಾಡಿ ನಿಲ್ಲಿಸಿ ರಿಪೇರಿಗೆ ಬಿಡುವ ಹೊತ್ತಿಗೆ ರೈಲ್ವೆಯವರು ಬ್ಲಾಕ್ ಅನ್ನುತ್ತಾರೆ. ಹೊಸ ರೈಲು ಸೇರಿಸುತ್ತಾ ಹೋದ ಹಾಗೆ ಆ ಬಿಡುವು ಕಿರಿದಾಗುತ್ತದೆ. ಬ್ಲಾಕಿಗಾಗಿ ಗಾಡಿ ತಡವಾದಾಗ ಗೊಣಗಿದವರಲ್ಲಿ ನಾನೂ ಇದ್ದೆ. ಇನ್ನು ಗೊಣಗುವುದಿಲ್ಲ. ನಮ್ಮ ಪಾಸಿನವರೆಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ: ಹೊಸ ರೈಲು ಕೇಳುವ ಮನವಿಪತ್ರದಲ್ಲಿ, ಹಳಿ ಕಾಯುವವರ ಖಾಲಿ ಹುದ್ದೆ ತುಂಬಿ ಅಂತಲೂ ಒಂದು ಸಾಲು ಸೇರಿಸೋಣ.

ನಸುಕಿನಲ್ಲಿ ಪಶ್ಚಿಮವಾಹಿನಿಯ ಹತ್ತಿರ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತ ಒಬ್ಬ ಕೀಮನ್ ಹಳಿಯುದ್ದಕ್ಕೂ ನಡೆದು ಬರುವುದನ್ನು ನೀನು ದಿನವೂ ಕಾಣುತ್ತೀಯ. ಸಡಿಲಾದ ಕ್ಲಿಪ್ಪನ್ನು ಬಡಿದು ಕೂರಿಸುತ್ತಾ, ಬಿರುಕು ಹುಡುಕುತ್ತಾ, ಮಂಜಿನಲ್ಲಿ ಬೆನ್ನು ಬಗ್ಗಿಸಿ ನಡೆಯುತ್ತಾನೆ. ಜೋಡಿ ಹಳಿಯಾದ ಮೇಲೆ ಅವನಿಗೆ ಎರಡೂ ಕಡೆಯಿಂದ ಗಾಡಿಯ ಭಯ. ನೀನು ಡೀಸೆಲ್ಲಿನ ಹಾಗೆ ದೂರದಿಂದಲೇ ಗುಡುಗುತ್ತಾ ಬರುವುದಿಲ್ಲ. ಅವನು ಕಂಡ ಕೂಡಲೇ, ಇನ್ನೂ ದೂರ ಇರುವಾಗಲೇ, ಉದ್ದಕ್ಕೆ ಒಂದು ಹಾರನ್ ಹಾಕು.

ಇಂತಿ,
ಪಾಂಡವಪುರ ಸ್ಟೇಷನ್ನಿನ ಒಬ್ಬ ಪಾಸಿನವನು